ಕಕ್ಕಡ ಹದಿನೆಂಟರ ಪಾಯಸ

ಬುದ್ಧಿಹಲ್ಲು ಅಂತೂ ಹೋಯ್ತು. ದವಡೆಯೊಳಗೆ ಅಡ್ಡಡ್ಡ ಮಲಗಿ ಪಕ್ಕದ ಹಲ್ಲನ್ನು ಒತ್ತುತ್ತಿತ್ತು. ವಸಡು ಕೊಯ್ದು, ತುಂಡು ಮಾಡಿಯೇ ತೆಗೆದರು. ನಿನ್ನೆ ಮಡಿಕೇರಿಯಿಂದ ಮನೆ ಸೇರುವಷ್ಟರಲ್ಲಿ ಮರಗಟ್ಟಿದ್ದ ತುಟಿಗೆ ಜೀವ ಬಂತು, ಜೊತೆಗೇ ನೋವೂ.

ಹಿಡಿದ ಮಳೆ ಬಿಟ್ಟಿಲ್ಲ. ಈ ಚಳಿಯಲ್ಲಿ ಕೆನ್ನೆಗೆ ಐಸ್ ಒತ್ತಿಕೊಂಡು ಕೂರಬೇಕು. ಬಿಸಿ ಕಾಫಿ ಇಲ್ಲ, ಸ್ಟ್ರಾ ಇಲ್ಲ, ಮೊದಲ 24 ಗಂಟೆ ಉಗುಳುವಂತೆಯೂ ಇಲ್ಲ. ಹಲ್ಲಿದ್ದ ಕುಳಿಯಲ್ಲಿ ಹೆಪ್ಪುಗಟ್ಟಿದ ರಕ್ತವೇ ಗಾಯಕ್ಕೆ ಮುಚ್ಚಳ. ಅದು ಕಿತ್ತುಬಂದರೆ ಒಳಗಿನ ಮೂಳೆ ತೆರೆದುಕೊಂಡು ಜೀವ ಹಿಂಡುವಷ್ಟು ನೋವು.

ಇವತ್ತು ಕಕ್ಕಡ 18, ಅಂದರೆ ಕೊಡವರ ಮಳೆಗಾಲದ ತಿಂಗಳು ಕಕ್ಕಡದ ಹದಿನೆಂಟನೇ ದಿನ. ಬೆಳಿಗ್ಗೆಯೇ ಅಜ್ಜಿ ಮದ್ದು ಸೊಪ್ಪು ಬೇಯಿಸಿದರು; ಈ ದಿನ ಆ ಕಾಡುಗಿಡದ ಸೊಪ್ಪಲ್ಲಿ ಹದಿನೆಂಟು ಮದ್ದಿನ ಗುಣ ಇರುತ್ತೆ ಅನ್ನೋದು ಇಲ್ಲಿಯ ನಂಬಿಕೆ. ಆ ಕಡು ನೇರಳೆ ನೀರಿಗೆ ಅಕ್ಕಿ, ಬೆಲ್ಲ, ಕಾಯಿಹಾಲು ಬಿದ್ದ ಮೇಲೆ ಮನೆಯೆಲ್ಲ ಅದೇ ಘಮ. ನನ್ನ ಪಾಲನ್ನು ಮಾತ್ರ ಬೇರೆ ತೆಗೆದರು. ಒಂದು ಅಗುಳೂ ಸಿಗದ ಹಾಗೆ ಸೌಟಿನ ಬೆನ್ನಲ್ಲಿ ಅರೆದರು. ಬಟ್ಟಲನ್ನು ತಣ್ಣೀರಲ್ಲಿಟ್ಟು, ಕಿರುಬೆರಳು ಅದ್ದಿ ನೋಡಿ, ಇನ್ನೂ ಬಿಸಿ ಅಂತ ಮತ್ತೆ ಇಟ್ಟರು.

"ಬಲಗಡೆಯಿಂದ ನುಂಗು ಮಗ. ಹದಿನೆಂಟು ಮದ್ದು ಉಂಟು ಇದರಲ್ಲಿ."

ಡಾಕ್ಟರ್ ಕೊಟ್ಟ ಮಾತ್ರೆಯನ್ನೂ ಹೊತ್ತಿಗೆ ಸರಿಯಾಗಿ ತಗೊಳ್ತಿದ್ದೇನೆ, ಅದನ್ನು ಬಿಡಬಾರದು. ಆದರೆ ಇವತ್ತು ಹೊಟ್ಟೆ ತುಂಬಿದ್ದು, ಮನಸ್ಸು ತುಂಬಿದ್ದು ಆ ಬಟ್ಟಲಿಂದ.

ಅಜ್ಜಿಗೆ ಈಗ ಬಾಯಲ್ಲಿ ಹಲ್ಲೇ ಇಲ್ಲ ಅನ್ನಬೇಕು. ಒಂದೊಂದೇ ಉದುರುತ್ತಿದ್ದಾಗ ಅವರಿಗೆ ಹೀಗೆ ಅರೆದು, ಆರಿಸಿ ಕೊಟ್ಟವರು ಯಾರಾದರೂ ಇದ್ದರಾ?

ಕೇಳಬೇಕು. ಬಾಯಿ ಸ್ವಲ್ಪ ತೆರೆಯಲು ಬರಲಿ.