ಪೇಪರ್ ಮೇಲೆ ಓಡದ್ದು ಮಷಿನ್ ಮೇಲೂ ಓಡಲ್ಲ

ನಮ್ಮ ಕಂಪ್ಯೂಟರ್ ಮೇಷ್ಟ್ರು ತೀರಿಕೊಂಡ ಸುದ್ದಿ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಾಗ ಮೊದಲು ಬಂದ ಉತ್ತರ, "ಯಾರು, ಡ್ರೈ ರನ್ ಸರ್ರಾ?" ಎಂಬುದು. ಹಾಜರಿ ಪುಸ್ತಕದಲ್ಲಿ, ಮಾರ್ಕ್ಸ್ ಕಾರ್ಡಿನಲ್ಲಿ ಅವರ ಸಹಿ ಬೇರೆಯದೇ ಇತ್ತು. ಆದರೆ ಮೂರು ವರ್ಷವೂ, ಆಮೇಲೂ, ನಮಗೆ ಅವರು ಡ್ರೈ ರನ್ ಸರ್. ಈ ಸಂಚಿಕೆಗೆ ಏನಾದರೂ ಬರೆದು ಕೊಡಿ ಎಂದು ಸಂಪಾದಕರು ಕೇಳಿದಾಗ ಬೇರೆ ವಿಷಯ ಯೋಚಿಸಬೇಕು ಅನ್ನಿಸಲೇ ಇಲ್ಲ.

ನಾವು ಬಿ.ಎಸ್ಸಿ. ಸೇರಿದ್ದು 1995ರಲ್ಲಿ. ಫಿಜಿಕ್ಸ್, ಮ್ಯಾಥ್ಸ್, ಜೊತೆಗೆ ಕಂಪ್ಯೂಟರ್ ಸೈನ್ಸ್. ಎಂಜಿನಿಯರಿಂಗ್ ಓದುವವರಿಗೆ ಶಿವಮೊಗ್ಗದಲ್ಲಿ 1980ರಿಂದಲೇ ಜೆಎನ್‌ಎನ್‌ಸಿಇ ಇತ್ತು. ಅಲ್ಲಿಗೆ ಹೋಗಲು ಆಗದವರು, ಹೋಗಲು ದುಡ್ಡಿಲ್ಲದವರು ನಮ್ಮ ತರಗತಿಯಲ್ಲಿ ಜಾಸ್ತಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆಯ ಅಡಿಕೆ ತೋಟದ ಮನೆಗಳ ಹುಡುಗರು. ಭದ್ರಾವತಿಯಿಂದ ದಿನಾ ಬಸ್ಸಿನಲ್ಲಿ ಬರುವ ಹುಡುಗಿಯರು. ಕಂಪ್ಯೂಟರ್ ಮುಟ್ಟಿ ನೋಡಿದವರು ನಮ್ಮಲ್ಲಿ ಇರಲಿಲ್ಲ ಎಂದೇ ಹೇಳಬಹುದು. ಊರಿಗೆ ಹೋದರೆ "ಅದನ್ನು ಓದಿದರೆ ಎಂತ ಕೆಲಸ ಸಿಗ್ತದೆ ಮಾರಾಯ?" ಎಂದು ಕೇಳುತ್ತಿದ್ದರು. ಉತ್ತರ ನಮಗೂ ಗೊತ್ತಿರಲಿಲ್ಲ.

ಲ್ಯಾಬಿನಲ್ಲಿ ಇದ್ದದ್ದು 386 ಎಂಬ ಹಳೆಯ ಕಾಲದ ಚಿಪ್ಪಿನ ಮಷಿನ್‌ಗಳು, ಒಂದಕ್ಕೆ ಮೂವರಂತೆ. ಚಪ್ಪಲಿ ಹೊರಗೆ ಬಿಡಬೇಕು. ಜುಲೈ ತಿಂಗಳಲ್ಲಿ ಕೊಡೆ, ರೇನ್‌ಕೋಟ್, ಒದ್ದೆ ಬ್ಯಾಗ್ ಎಲ್ಲವೂ ವರಾಂಡದಲ್ಲಿ. ಬಾಗಿಲಲ್ಲಿ ನಿಂತು ನಮ್ಮ ತಲೆಕೂದಲಿನಿಂದ ನೀರು ಇಳಿಯುತ್ತಿದೆಯಾ ಎಂದು ಅಟೆಂಡರ್ ಅಣ್ಣ ನೋಡುತ್ತಿದ್ದರು. ಮಳೆಗಾಲದ ತೇವಕ್ಕೆ, ನಮ್ಮ ಕೆಲಸ ಉಳಿಸಿಡುವ ಫ್ಲಾಪಿ ಡಿಸ್ಕುಗಳಿಗೆ ಬೂಸ್ಟು ಹಿಡಿಯುತ್ತಿತ್ತು. ಒಂದು ವಾರ ಬಿಟ್ಟು ತೆಗೆದರೆ ಓದುತ್ತಲೇ ಇರಲಿಲ್ಲ. ಅದಕ್ಕೆ ಅಟೆಂಡರ್ ಅಣ್ಣ ಕಬ್ಬಿಣದ ಬೀರುವಿನೊಳಗೆ ಒಂದು ಬಲ್ಬ್ ಉರಿಸಿ ಇಟ್ಟಿದ್ದರು. ಯಾರೂ ಹೇಳಿಕೊಟ್ಟದ್ದಲ್ಲ, ಅವರದೇ ಉಪಾಯ. ನಮ್ಮ ಎಷ್ಟೋ ಜನರ ಪ್ರಾಜೆಕ್ಟ್ ಉಳಿದದ್ದು ಆ ಬಲ್ಬಿನ ಬಿಸಿಯಿಂದ.

ಕರೆಂಟ್ ವಿಷಯ ಹೇಳಲೇಬೇಕು. ಶರಾವತಿ ವಿದ್ಯುದಾಗಾರದ 1035 ಮೆಗಾವ್ಯಾಟ್ ಹುಟ್ಟುವುದು ನಮ್ಮದೇ ಜಿಲ್ಲೆಯಲ್ಲಿ. ಆದರೂ ನಮ್ಮ ಪ್ರಾಕ್ಟಿಕಲ್ ಹೊತ್ತಿಗೆ ಲೋಡ್ ಶೆಡ್ಡಿಂಗ್ ತಪ್ಪುತ್ತಿರಲಿಲ್ಲ. ಯುಪಿಎಸ್ ಸ್ವಲ್ಪ ಹೊತ್ತು ಕೂಗಿ ಸುಮ್ಮನಾಗುತ್ತಿತ್ತು. ಬೇರೆ ಮೇಷ್ಟ್ರಾಗಿದ್ದರೆ ಕ್ಲಾಸ್ ಬಿಡುತ್ತಿದ್ದರೇನೋ. ಡ್ರೈ ರನ್ ಸರ್ ಕಿಟಕಿ ತೆಗೆಸಿ, ಬೋರ್ಡಿನ ಹತ್ತಿರ ಬೆಂಚು ಎಳೆಸಿ, "ಈಗ ಶುರು ನಿಜವಾದ ಲ್ಯಾಬ್" ಅನ್ನುತ್ತಿದ್ದರು.

ಡ್ರೈ ರನ್ ಎಂದರೆ ಇಷ್ಟೇ. ಪ್ರೋಗ್ರಾಮ್ ಬರೆದ ಮೇಲೆ ಮಷಿನ್ ಮುಟ್ಟಬಾರದು. ಹಾಳೆಯ ಮೇಲೆ ಗೆರೆ ಎಳೆದು ಒಂದೊಂದು ವೇರಿಯಬಲ್‌ಗೆ, ಅಂದರೆ ಬೆಲೆ ಹಿಡಿದಿಡುವ ಒಂದೊಂದು ಹೆಸರಿಗೆ, ಒಂದೊಂದು ಕಾಲಂ ಮಾಡಬೇಕು. ಒಂದು ಸಾಲು ಓದುವುದು, ಬದಲಾದ ಬೆಲೆ ಬರೆಯುವುದು, ಹಳೆಯದನ್ನು ಹೊಡೆದು ಹಾಕುವುದು. ಲೂಪ್, ಅಂದರೆ ಮತ್ತೆ ಮತ್ತೆ ನಡೆಯುವ ಸಾಲುಗಳು, ಹತ್ತು ಸಲ ತಿರುಗಿದರೆ ನೀವೂ ಹತ್ತು ಸಲ ತಿರುಗಬೇಕು. ಕೊನೆಗೆ ಬಂದ ಉತ್ತರಕ್ಕೆ ಸುತ್ತು ಹಾಕಿ ಅವರಿಗೆ ತೋರಿಸಿದರೆ ಮಾತ್ರ ಕೀಬೋರ್ಡ್. "ಪೇಪರ್ ಮೇಲೆ ಓಡದ್ದು ಮಷಿನ್ ಮೇಲೂ ಓಡಲ್ಲ ಕಣ್ರೋ" ಎಂಬುದು ಅವರ ದಿನದ ಮಾತು.

ಒಮ್ಮೆ ಫ್ಯಾಕ್ಟೋರಿಯಲ್ ಪ್ರೋಗ್ರಾಮ್ ಕೊಟ್ಟರು, 1ರಿಂದ ಒಂದು ಸಂಖ್ಯೆಯವರೆಗೆ ಎಲ್ಲವನ್ನೂ ಗುಣಿಸುವುದು. 7ಕ್ಕೆ 5040 ಸರಿಯಾಗಿ ಬಂತು. 8ಕ್ಕೆ ಹಾಳೆಯ ಮೇಲೆ 40320, ಆದರೆ ಸಿ ಭಾಷೆಯ ಪ್ರೋಗ್ರಾಮ್ ಬರೆದು ಓಡಿಸುವ ಟರ್ಬೋ ಸಿಯ ನೀಲಿ ಪರದೆ ಬಿಟ್ಟು ಹೊರಗೆ ಬಂದು ನೋಡಿದರೆ ಮೈನಸ್ 25216! ಇಡೀ ಕ್ಲಾಸ್ ಗಲಾಟೆ. ಮಷಿನ್ ಕೆಟ್ಟಿದೆ, ವೈರಸ್ ಬಂದಿದೆ, ಒಬ್ಬೊಬ್ಬರದು ಒಂದೊಂದು ಮಾತು. ಸರ್ ಏನೂ ಹೇಳದೆ ಬೋರ್ಡಿನ ಮೇಲೆ 16 ಮನೆ ಎಳೆದರು. ಒಂದೊಂದು ಮನೆಯೂ ಒಂದು ಬಿಟ್, 0 ಅಥವಾ 1 ಕೂರುವ ಜಾಗ. ಈ 16 ಬಿಟ್‌ನಲ್ಲಿ ತುಂಬುವ ಅತಿ ದೊಡ್ಡ ಸಂಖ್ಯೆ 32767. ಅದಕ್ಕೆ ಒಂದು ಕೂಡಿಸಿದರೆ ಎಡಗಡೆಯ ಕೊನೆಯ ಮನೆಗೆ 1 ಹೋಗುತ್ತದೆ. ಆ ಮನೆ ಇರುವುದು ಮೈನಸ್ ಗುರುತಿಗೆ. 40320ರಿಂದ 65536 ಕಳೆಯಿರಿ ಎಂದರು. ಕಳೆದರೆ ಸರಿಯಾಗಿ ಮೈನಸ್ 25216. ಮಷಿನ್ ಸುಳ್ಳು ಹೇಳಿರಲಿಲ್ಲ, ನಾವು ಕೊಟ್ಟ ಜಾಗದಲ್ಲಿ ಹಿಡಿಸಿದಷ್ಟು ಹೇಳಿತ್ತು. ಆ ಮಧ್ಯಾಹ್ನ ಊಟದ ಬೆಲ್ ಹೊಡೆದರೂ ಯಾರೂ ಏಳಲಿಲ್ಲ.

ಇನ್ನು ನಮ್ಮ ಕಿತಾಪತಿ. ಆಗ ಕ್ಯಾಸ್ಕೇಡ್ ಎಂಬ ಹಳೆಯ ವೈರಸ್ ಬಗ್ಗೆ ಎಲ್ಲೋ ಓದಿದ್ದೆವು. ಪರದೆಯ ಮೇಲಿನ ಅಕ್ಷರಗಳು ಒಂದೊಂದಾಗಿ ಕೆಳಗೆ ಉದುರಿ ರಾಶಿ ಬೀಳುತ್ತವಂತೆ. ಸಾಗರದವನಾದ ನನ್ನ ರೂಮ್‌ಮೇಟ್‌ಗೂ ನನಗೂ ಅದೇ ಧ್ಯಾನ. ವೈರಸ್ ಬೇಡ, ಉದುರುವುದು ಮಾತ್ರ ಸಾಕು. ವಿಂಡೋಸ್‌ಗೂ ಹಿಂದಿನ ಡಾಸ್ ಕಾಲದಲ್ಲಿ ಪರದೆಯ ಅಕ್ಷರಗಳೆಲ್ಲ ಬಿ8000 ಎಂಬ ವಿಳಾಸದಿಂದ ಮೆಮೊರಿಯಲ್ಲಿ ಸಾಲಾಗಿ ಕೂತಿರುತ್ತಿದ್ದವು. 80 ಕಾಲಂ, 25 ಸಾಲು, ಒಂದು ಅಕ್ಷರಕ್ಕೆ ಎರಡು ಬೈಟ್, ಒಟ್ಟು 4000 ಬೈಟ್. ಮೆಮೊರಿಯ ವಿಳಾಸ ಹಿಡಿದಿಡುವ ಒಂದು ಪಾಯಿಂಟರ್ ಅಲ್ಲಿಗೆ ತೋರಿಸಿದರೆ ಆಯಿತು, ಇಡೀ ಪರದೆ ನಮ್ಮ ಕೈಯಲ್ಲಿ. ವಿದ್ಯಾನಗರದ ರೂಮಿನಲ್ಲಿ ಮಂಡಕ್ಕಿ ಮೆಣಸಿನಕಾಯಿ ಮುಂದಿಟ್ಟುಕೊಂಡು ಹಾಳೆಯ ಮೇಲೆಯೇ ಬರೆದೆವು. ಡ್ರೈ ರನ್ ಮಾಡಿಯೇ ಟೈಪ್ ಮಾಡಿದ್ದು ಎಂದು ಈಗಲೂ ಹೆಮ್ಮೆಯಿಂದ ಹೇಳುತ್ತೇನೆ. ಮೊದಲ ಸಲವೇ ಓಡಿತು. ಮಷಿನ್ ಆನ್ ಆದಾಗ ತಾನಾಗಿಯೇ ಓಡುವ ಆಟೋಎಕ್ಸೆಕ್ ಫೈಲಿಗೆ, ಎಲ್ಲ ಮಷಿನ್‌ಗಳಲ್ಲೂ, ಒಂದೊಂದು ಸಾಲು ಸೇರಿಸಿದೆವು.

ಮರುದಿನ ಫಸ್ಟ್ ಇಯರ್‌ನವರ ಪ್ರಾಕ್ಟಿಕಲ್. ಮಷಿನ್ ಆನ್ ಆಗಿದ್ದೇ ತಡ, ಲ್ಯಾಬಿನ ಉದ್ದಕ್ಕೂ ಅಕ್ಷರಗಳು ಆಗುಂಬೆ ಮಳೆಯಂತೆ ಸುರಿದವು. ಅಟೆಂಡರ್ ಅಣ್ಣ "ಅಯ್ಯೋ, ಎಂತದು ಇದು!" ಎಂದು ಓಡಿಹೋಗಿ ಮೇನ್ ಸ್ವಿಚ್ಚೇ ಆರಿಸಿಬಿಟ್ಟರು. ಸರ್ ಬಂದರು. ಮತ್ತೆ ಆನ್ ಮಾಡಿಸಿ, ಕೈ ಕಟ್ಟಿ ನಿಂತು ಕೊನೆಯ ಅಕ್ಷರ ಬೀಳುವವರೆಗೂ ನೋಡಿದರಂತೆ. ಸಂಜೆ ನಮ್ಮ ಕ್ಲಾಸಿಗೆ ಬಂದು, "ಬರೆದವರು ಯಾರು ಅಂತ ಕೇಳಲ್ಲ. ಕೆಲಸ ಚೆನ್ನಾಗಿದೆ. ಆದ್ರೆ ಮುಗಿದ ಮೇಲೆ ಪರದೆ ಮೊದಲಿನ ಹಾಗೆ ಆಗಬೇಕಲ್ವಾ? ಆ 4000 ಬೈಟ್ ಮೊದಲೇ ಒಂದು ಕಡೆ ತೆಗೆದಿಡಬೇಕಿತ್ತು" ಎಂದರು. ನಾವಿಬ್ಬರೂ ಆ ರಾತ್ರಿಯೇ ಅದನ್ನು ಸೇರಿಸಿದೆವು. ಅದರಿಂದಲೇ ಅವರಿಗೆ ಕಳ್ಳರು ಸಿಕ್ಕಿದರು.

ಶಿಕ್ಷೆಯಾಗಿ ಒಂದು ಗ್ರಾಫ್ ಹಾಳೆ ಕೈಗೆ ಕೊಟ್ಟರು. 8 ಚೌಕ ಅಗಲ, 16 ಚೌಕ ಎತ್ತರ. ಡಾಸ್ ಪರದೆಯ ಒಂದು ಅಕ್ಷರಕ್ಕೆ ಇರುವ ಜಾಗ ಅಷ್ಟೇ. "ಇದರಲ್ಲಿ 'ಕ' ಕೂರಿಸಿ ತೋರಿಸಿ." ಕ ಕೂತಿತು. ರ ಕೂತಿತು. ಣ ಎರಡು ಮನೆ ಕೇಳಿತು. ಒತ್ತಕ್ಷರ ಬಂದಾಗ ಕೆಳಗೆ ಜಾಗವೇ ಇಲ್ಲ. ಒಟ್ಟು ಇರುವುದು 256 ಅಕ್ಷರಗಳ ಜಾಗ, ನಮ್ಮ ಕಾಗುಣಿತ, ಒತ್ತು ಎಲ್ಲ ಸೇರಿದರೆ ಲೆಕ್ಕ ಎಲ್ಲಿಗೋ ಹೋಗುತ್ತದೆ. ತಿಂಗಳುಗಟ್ಟಲೆ ಒದ್ದಾಡಿ ನಮ್ಮ ಕಾಲೇಜಿನ ಹೆಸರನ್ನು ಕನ್ನಡದಲ್ಲಿ ಪರದೆಗೆ ತಂದೆವು. ಮುಂದೆ 1998ರಲ್ಲಿ ಕನ್ನಡ ಟೈಪ್ ಮಾಡುವ ಬರಹ ತಂತ್ರಾಂಶ ಬಂತು. ಕೆ.ಪಿ. ರಾಯರ ಕೀಲಿಮಣೆ ವಿನ್ಯಾಸ ನುಡಿ ತಂತ್ರಾಂಶದ ಮೂಲಕ ಕಚೇರಿ ಕಚೇರಿಗೂ ತಲುಪಿತು. ಎಲ್ಲ ಭಾಷೆಗಳ ಅಕ್ಷರಗಳಿಗೂ ಸಂಖ್ಯೆ ಕೊಡುವ ಯೂನಿಕೋಡ್‌ನಲ್ಲಿ ಕನ್ನಡಕ್ಕೆ 128 ಸ್ಥಾನ ಸಿಕ್ಕಿದ್ದು, ಒತ್ತಕ್ಷರವನ್ನು ವ್ಯಂಜನ, ಹಲಂತ, ವ್ಯಂಜನ ಎಂದು ಬಿಡಿಸಿ ಇಡುವುದು, ಇದೆಲ್ಲ ಓದಿದಾಗ ನನಗೆ ಹೊಸದು ಅನ್ನಿಸಲಿಲ್ಲ. ಆ ಕಷ್ಟ ಎಲ್ಲಿದೆ ಎಂದು ಗ್ರಾಫ್ ಹಾಳೆಯ ಮೇಲೆ ಕೈಯಾರೆ ಮುಟ್ಟಿ ನೋಡಿದ್ದೆವಲ್ಲ.

ಸಿಲಬಸ್‌ನಲ್ಲಿ ಇನ್ನೂ ಏನೇನೋ ಇತ್ತು. ಕೋಬಾಲ್ ಇತ್ತು, ಫಾಕ್ಸ್‌ಪ್ರೋ ಇತ್ತು. ಅದರಲ್ಲಿ ಹೆಚ್ಚಿನದು ಈಗ ನೆನಪಿಲ್ಲ.

ನೆನಪಿರುವುದು ಅಧಿಕ ವರ್ಷದ ಪ್ರೋಗ್ರಾಮ್. 4ರಿಂದ ಭಾಗವಾದರೆ ಅಧಿಕ ವರ್ಷ ಎಂದು ಎಲ್ಲರೂ ಬರೆದಿದ್ದೆವು. ಸರ್ 1900 ಕೊಟ್ಟು ಡ್ರೈ ರನ್ ಮಾಡಿಸಿದರು. ಅದು ಅಧಿಕ ವರ್ಷ ಅಲ್ಲ. 100ರ ನಿಯಮ ಸೇರಿಸಿದೆವು. ಆಗ 2000 ಕೊಟ್ಟರು. ಅದು ಅಧಿಕ ವರ್ಷ, ಯಾಕೆಂದರೆ 400ರಿಂದ ಭಾಗವಾಗುತ್ತದೆ. ಬೆಂಗಳೂರಿನಲ್ಲಿ ನನಗೆ ಸಿಕ್ಕ ಮೊದಲ ಕೆಲಸವೇ ವೈ2ಕೆ, ಅಂದರೆ 2000ನೇ ಇಸವಿಯ ತೊಂದರೆ ಸರಿಪಡಿಸುವುದು. ಎರಡೇ ಅಂಕಿಯಲ್ಲಿ ವರ್ಷ ಬರೆದಿಟ್ಟ ಹಳೆಯ ಕೋಬಾಲ್ ಪ್ರೋಗ್ರಾಮ್‌ಗಳನ್ನು ತಿದ್ದುವುದು. ಅಲ್ಲಿ ಒಂದು ಬಡ್ಡಿ ಲೆಕ್ಕದ ಪ್ರೋಗ್ರಾಮ್ 100ರ ನಿಯಮ ಬಲ್ಲದು, 400ರದ್ದು ಅರಿಯದು. 2000ದ ಫೆಬ್ರುವರಿ 29 ಅದರ ಪಾಲಿಗೆ ಇರಲೇ ಇಲ್ಲ. ನಾಲ್ಕು ಜನ ಸೀನಿಯರ್‌ಗಳು ನೋಡಿ ಪಾಸ್ ಮಾಡಿದ್ದನ್ನು ನಾನು ಪೆನ್ಸಿಲ್ ಹಿಡಿದು ಹಿಡಿದೆ. ಅಂದಿನಿಂದ ಆ ಕಂಪನಿಯಲ್ಲಿ ನನ್ನ ಮಾತಿಗೆ ಬೆಲೆ ಬಂತು. ಇವತ್ತು ದೊಡ್ಡದೊಂದು ತಂಡ ನೋಡಿಕೊಳ್ಳುತ್ತೇನೆ. ನನ್ನ ತಂಡಕ್ಕೆ ಸೇರುವವರಿಗೆ ಮೊದಲು ಕೊಡುವುದು ಹಾಳೆ, ಪೆನ್ಸಿಲ್.

2011ರ ಅಕ್ಟೋಬರ್‌ನಲ್ಲಿ ಸರ್ ಫೋನ್ ಮಾಡಿದ್ದರು. ಸ್ಟೀವ್ ಜಾಬ್ಸ್ ತೀರಿಕೊಂಡ ಮರುವಾರವೇ ಸಿ ಭಾಷೆ ಮಾಡಿದ ಡೆನಿಸ್ ರಿಚಿಯೂ ಹೋಗಿದ್ದರು. "ಅವರ ಬಗ್ಗೆ ಪುಟಗಟ್ಟಲೆ ಬಂತು, ಇವರ ಬಗ್ಗೆ ನಮ್ಮ ಪೇಪರ್‌ನಲ್ಲಿ ಹುಡುಕಬೇಕಾಯ್ತು. ನೀನಾದ್ರೂ ನಿನ್ನ ಹುಡುಗರಿಗೆ ಹೇಳಪ್ಪಾ" ಎಂದರು. ದನಿಯಲ್ಲಿ ನಿಜವಾದ ಬೇಸರವಿತ್ತು.

ಶ್ರದ್ಧಾಂಜಲಿ ಸಭೆಗೆ ಕಾಲೇಜಿಗೆ ಬಂದಾಗ ಹೊಸ ಲ್ಯಾಬ್ ನೋಡಿದೆ. ಸಾಲು ಸಾಲು ಮಷಿನ್, ಒಬ್ಬರಿಗೆ ಒಂದು. ನೋಡಿ ಖುಷಿಯಾಯಿತು. ನಮಗೆ ಸಿಗದಿದ್ದದ್ದು ಈ ಮಕ್ಕಳಿಗೆ ಸಿಕ್ಕಿದೆ. ಬಿಸಿಎ, ಡೇಟಾ ಸೈನ್ಸ್, ಎಐ ಎಂದು ಕೋರ್ಸುಗಳೂ ಹೆಚ್ಚಿವೆ. ಮಕ್ಕಳು ಮೊದಲು ಕೇಳಿದ್ದು ಪ್ಯಾಕೇಜ್ ಎಷ್ಟು ಎಂದು. ಅದರಲ್ಲಿ ತಪ್ಪಿಲ್ಲ, ಮನೆಯ ಕಷ್ಟ ನಮಗೂ ಇತ್ತು. ಆದರೆ ಒಬ್ಬ ಹುಡುಗ ಎಐ ಬರೆದುಕೊಟ್ಟ ಚೆಂದದ ಪ್ರೋಗ್ರಾಮ್ ತೋರಿಸಿದಾಗ, "ಪಟ್ಟಿ ಖಾಲಿ ಇದ್ದರೆ ಇದು ಏನು ಮಾಡುತ್ತದೆ?" ಎಂದು ಕೇಳಿದೆ. ಅವನು ಅದನ್ನೂ ಎಐಗೇ ಕೇಳಲು ಹೊರಟ. ಬೇಡ, ಓದಿ ಹೇಳು ಎಂದೆ. ಓದಲು ಅವನಿಗೆ ಯಾರೂ ಕಲಿಸಿರಲಿಲ್ಲ. ಹುಡುಗ ಚುರುಕಾಗಿದ್ದ. ಹಾಳೆ ಕೊಟ್ಟು ಕಾಲಂ ಎಳೆಸಿದೆ. ಸ್ವಲ್ಪ ಹೊತ್ತಿಗೆ "ಸಾರ್, ಇಲ್ಲಿ ಸೊನ್ನೆಯಿಂದ ಭಾಗಿಸ್ತಿದೆ!" ಎಂದು ತಾನೇ ಕಂಡುಹಿಡಿದ. ಬೇರೆಯವರು ಬರೆದುಕೊಟ್ಟ ಪ್ರೋಗ್ರಾಮ್ ಹೆಚ್ಚಾದಷ್ಟೂ ಓದಿ ನೋಡುವ ಕೆಲಸ ಹೆಚ್ಚುತ್ತದೆ, ಅಲ್ವಾ? ಅದಕ್ಕೆ ಟೈಮ್ ಟೇಬಲ್‌ನಲ್ಲಿ ಒಂದು ಪೀರಿಯಡ್ ಕೂಡ ಇಲ್ಲ ಎಂಬುದು ನನ್ನ ದೂರು.

ಆ ದಿನವೇ ನಾವು ಬ್ಯಾಚಿನವರು ಮಾತಾಡಿಕೊಂಡೆವು. ತಿಂಗಳಿಗೊಂದು ಶನಿವಾರ ನಮ್ಮಲ್ಲಿ ಯಾರಾದರೂ ಒಬ್ಬರು ಶಿವಮೊಗ್ಗಕ್ಕೆ ಬಂದು ಡ್ರೈ ರನ್ ಕ್ಲಾಸ್ ತೆಗೆದುಕೊಳ್ಳುತ್ತೇವೆ. ಸರ್ ಬರೆದಿಟ್ಟ ಲೆಕ್ಕಗಳು ಹಲವರ ರೆಕಾರ್ಡ್ ಪುಸ್ತಕಗಳಲ್ಲಿ ಇನ್ನೂ ಇವೆ, ಅವನ್ನು ಒಟ್ಟುಮಾಡುವ ಕೆಲಸ ಭದ್ರಾವತಿಯ ಗೆಳತಿಯೊಬ್ಬಳು ಶುರು ಮಾಡಿದ್ದಾಳೆ. ಪ್ರಿನ್ಸಿಪಾಲರಲ್ಲಿ ನಮ್ಮ ಕೋರಿಕೆ ಇಷ್ಟೇ: ಒಂದು ರೂಮು, ಒಂದು ಬೋರ್ಡು ಕೊಡಿ. ಸೆಮಿಸ್ಟರ್ ಶುರುವಾದ ಮೊದಲ ಶನಿವಾರಕ್ಕೆ ನಾನೇ ಬರುತ್ತೇನೆ.