ಬೋಟಿ ನಾರಿದರೆ ತಪ್ಪು ಕುರಿಯದಲ್ಲ

ಮಟನ್ ಅಂಗಡಿಯಲ್ಲಿ ಅರ್ಧ ಕಿಲೋ ತೂಗಿಸಿದ ಮೇಲೆ "ಎರಡ ತುಂಡ ಕಲೇಜಿ ಹಾಕ್ರಿ ಮಾಮು" ಅಂತ ಕೇಳಿ ಲಿವರಿನ ತುಂಡು ಹಾಕಿಸಿಕೊಳ್ಳುವುದು ನಮ್ಮ ಕಡೆ ಹಳೆಯ ರೂಢಿ. ಈಗ ಅದೇ ಕಟ್ಟೆಯ ಮುಂದೆ ನಿಂತು "ಕಲೇಜಿ-ಗಿಲೇಜಿ ಬ್ಯಾಡ್ರಿ, ಹುಡುಗ್ರು ಮುಟ್ಟೂದಿಲ್ಲ" ಅನ್ನುವವರೂ ಸಿಗುತ್ತಾರೆ. ಬೆಳಗಾವಿಯ ಹುಡುಗರಾಗಲಿ ವಿಜಯಪುರದವರಾಗಲಿ, ಚಿಕನ್ ಅಂದರೆ ಎಲುಬಿಲ್ಲದ ತುಂಡು, ಮಟನ್ ಅಂದರೆ ಬಿರಿಯಾನಿಯೊಳಗಿನ ಪೀಸು ಅಂತ ತಿಳಿದು ಬೆಳೆದವರು. ಅವರ ಮುಂದೆ ದಿಢೀರನೆ ಬೋಟಿ, ಅಂದರೆ ಕುರಿಯ ಹೊಟ್ಟೆ-ಕರುಳು, ಇಟ್ಟರೆ ಮುಖ ಸಿಂಡರಿಸದೆ ಇನ್ನೇನು ಮಾಡ್ಯಾರು?

ಆದರೆ ಎಲ್ಲರ ಹೇಸಿಗೆಯೂ ಒಂದೇ ತರಹದ್ದಲ್ಲ. ಒಬ್ಬರಿಗೆ ವಾಸನೆ ಆಗುವುದಿಲ್ಲ. ಒಬ್ಬರಿಗೆ ಹಲ್ಲಿಗೆ ಸಿಕ್ಕಾಗ ರಬ್ಬರಿನಂತೆ ಜಗ್ಗುವುದು ಆಗುವುದಿಲ್ಲ. ಮತ್ತೊಬ್ಬರಿಗೆ ಕುರಿಯ ತಲೆಯಲ್ಲಿ ಹಲ್ಲು ಕಂಡರೆ ಊಟ ಸೇರುವುದಿಲ್ಲ. "ಇದರೊಳಗ ಮೊದಲ ಏನಿತ್ತು" ಅಂತ ನೆನೆದೇ ಎದ್ದುಹೋಗುವವರೂ ಇದ್ದಾರೆ. ಅವರಿಗೆ ಅಡುಗೆಮನೆಯಲ್ಲಿ ಮದ್ದಿಲ್ಲ, ಅವರನ್ನು ಬಿಟ್ಟುಬಿಡಬೇಕು. ಉಳಿದವರ ಹೇಸಿಗೆಯಲ್ಲಿ ಬಹುಪಾಲು ನಾವು ಸರಿಯಾಗಿ ತೊಳೆಯದೆ, ಸರಿಯಾಗಿ ಬೇಯಿಸದೆ ಅವರ ತಲೆಗೆ ಕಟ್ಟಿದ್ದು.

ಬೋಟಿಯನ್ನೇ ತೆಗೆದುಕೊಳ್ಳಿ. ಕುರಿ, ಆಡು ಮೆಲುಕು ಹಾಕುವ ಪ್ರಾಣಿಗಳು, ಹೊಟ್ಟೆಯಲ್ಲಿ ನಾಲ್ಕು ಕೋಣೆ. ದೊಡ್ಡ ಕೋಣೆಯ ಒಳಮೈ ಟರ್ಕಿ ಟವೆಲ್ಲಿನ ಹಾಗೆ, ಎರಡನೆಯದು ಜೇನುಗೂಡಿನ ಹಾಗೆ, ಮೂರನೆಯದು ಪುಸ್ತಕದ ಹಾಳೆಗಳ ಹಾಗೆ, ಕೊನೆಯದು ನುಣುಪು. ಮೇವು ಹುಳಿಯುವುದು ಮೊದಲ ಎರಡರಲ್ಲಿ. ಸಗಣಿ ವಾಸನೆ ಅಂತ ನಾವು ಬೈಯುವುದು ಅಲ್ಲಿನ ಕಪ್ಪು-ಹಸಿರು ಪೊರೆಯಲ್ಲಿ ಕೂತಿರುತ್ತದೆ. ಪೊರೆ ಹೋದರೆ ವಾಸನೆಯೂ ಹೋಯಿತು. ಪೊರೆ ಉಳಿದರೆ ಎಷ್ಟು ಲವಂಗ-ಚಕ್ಕೆ ಸುರಿದರೂ ಸಗಣಿಗೆ ಅತ್ತರು ಹಚ್ಚಿದಂತೆ.

ಎಲ್ಲರೂ ಎಡವುವುದು ನೀರಿನಲ್ಲಿ. ಕೊತಕೊತ ಕುದಿಯುವ ನೀರಿಗೆ ಬೋಟಿ ಹಾಕುತ್ತಾರೆ. ಮಾಂಸ ಬಿಗಿದುಕೊಂಡು ಪೊರೆಯನ್ನು ಹಿಡಿದುಬಿಡುತ್ತದೆ, ಆಮೇಲೆ ಚಾಕುವಿನಿಂದ ಕೆರೆದರೂ ಬಿಡುವುದಿಲ್ಲ. ತಣ್ಣೀರಿನಲ್ಲಿ ಅದು ಸಡಿಲವೇ ಆಗುವುದಿಲ್ಲ. ಬೇಕಾದ್ದು ಸುಮಾರು 70 ಡಿಗ್ರಿ. ಥರ್ಮಾಮೀಟರ್ ಬೇಡ: ಕುದಿಯುವ ನೀರು ಮೂರು ತಂಬಿಗೆಗೆ ಕೊಡದ ತಣ್ಣೀರು ಎರಡು ತಂಬಿಗೆ ಬೆರೆಸಿ, ಅಷ್ಟೇ. ಮೊದಲು ನಳದ ಕೆಳಗೆ ಹೊಟ್ಟೆಯನ್ನು ಸೀಳಿ, ಒಳಗಿನದನ್ನೆಲ್ಲ ಝಾಡಿಸಿ ತೊಳೆಯಿರಿ. ಆಮೇಲೆ ಆ ನೀರಿನಲ್ಲಿ ಅರ್ಧದಿಂದ ಒಂದು ನಿಮಿಷ ಅದ್ದಿ, ಒಂದು ಮೂಲೆಯನ್ನು ಚಮಚದ ಅಂಚಿನಿಂದ ಕೆರೆದು ನೋಡಿ. ಪೊರೆ ತೊಯ್ದ ಕಾಗದದ ಹಾಗೆ ಸುರುಳಿಯಾಗಿ ಎದ್ದರೆ ಹೊರಗೆ ತೆಗೆದು ಹಲಗೆಯ ಮೇಲೆ ಹಾಸಿ ಎಲ್ಲ ಕೆರೆಯಿರಿ. ಏಳದಿದ್ದರೆ ಇನ್ನರ್ಧ ನಿಮಿಷ. ಕೆಳಗೆ ಬೆಣ್ಣೆ ಬಣ್ಣದ ಮೈ ಕಾಣಬೇಕು.

ಹಟ ಹಿಡಿದ ಜಾಗಕ್ಕೆ ಎಲೆ-ಅಡಿಕೆಯ ಸುಣ್ಣ ಒಂದು ಚಮಚ ಹಚ್ಚಿ ಐದು ನಿಮಿಷ ಬಿಟ್ಟು ಕೆರೆಯಬಹುದು. ಕೈಯಲ್ಲಿ ಗಾಯವಿದ್ದರೆ ಸುಣ್ಣದ ತಂಟೆ ಬೇಡ. ಹತ್ತು-ಹದಿನೈದು ನಿಮಿಷ ಮರೆತು ಕೂತರೆ ಬೋಟಿ ಮೆತ್ತಗಾಗಿ ಸುಣ್ಣದ ಕಹಿ ಉಳಿಯುತ್ತದೆ. ಕೈಗೆ ಜಾರು ಹತ್ತುವುದು ನಿಲ್ಲುವವರೆಗೂ ತೊಳೆಯಬೇಕು, ಮೂರು-ನಾಲ್ಕು ನೀರು ಬೇಕೇ ಬೇಕು. ಪುಸ್ತಕದ ಹಾಗಿರುವ ಭಾಗವನ್ನು ಹಾಳೆ ಹಾಳೆಯಾಗಿ ಬಿಡಿಸಿ ತೊಳೆಯದಿದ್ದರೆ ಮೇವಿನ ಚೂರು, ಮರಳು ಅಲ್ಲೇ ಕೂತಿರುತ್ತದೆ. ಅಷ್ಟು ತಾಳ್ಮೆ ಇಲ್ಲದವರು ಆ ಭಾಗವನ್ನು ತಗೊಳ್ಳದಿರುವುದೇ ವಾಸಿ.

ಕರುಳಿನದು ಬೇರೆ ಕೆಲಸ. ಮೊಳದುದ್ದ ತುಂಡು ಮಾಡಿಕೊಳ್ಳಿ. ಒಂದು ತುದಿಯನ್ನು ಅಂಗಿಯ ತೋಳು ಮಡಚಿದ ಹಾಗೆ ಎರಡು ಬೆರಳಗಲ ಹೊರಗೆ ಮಡಚಿ, ಆ ಮಡಿಕೆಯೊಳಗೆ ನಳದ ನೀರು ಬಿಡಿ. ನೀರಿನ ಭಾರಕ್ಕೆ ಕರುಳು ತಾನೇ ಒಳಹೊರಗಾಗುತ್ತಾ ಹೋಗುತ್ತದೆ, ಕಡ್ಡಿ ತೂರಿಸಿ ಹರಿದುಕೊಳ್ಳುವ ಪಜೀತಿ ಇಲ್ಲ. ಒಳಮೈ ಹೊರಗೆ ಬಂದ ಮೇಲೆ ಕಿಲೋಗೆ ಒಂದು ಹಿಡಿ ಜೋಳದ ಹಿಟ್ಟು, ಎರಡು ಚಮಚ ಹರಳುಪ್ಪು ಹಾಕಿ ಬಟ್ಟೆ ಹಿಂಡಿದಂತೆ ತಿಕ್ಕಬೇಕು. ಹಿಟ್ಟು ಲೋಳೆಯನ್ನು ಹೀರಿ ಉಂಡೆಗಟ್ಟುತ್ತದೆ, ಉಪ್ಪಿನ ಹರಳು ಕೆರೆಯುತ್ತದೆ. ತೊಳೆದು ಮತ್ತೊಮ್ಮೆ ಹಾಗೇ. ಕೊನೆಗೆ ಅರಿಶಿನ ಮತ್ತು ಒಂದು ಲಿಂಬೆಹಣ್ಣು. ವಾಸನೆ ಪರೀಕ್ಷೆ ಒದ್ದೆಯಿದ್ದಾಗ ಮಾಡಬೇಡಿ. ನೀರು ಬಸಿದು ಬಟ್ಟೆಯಲ್ಲಿ ಒರೆಸಿ ಮೂಗಿನ ಹತ್ತಿರ ಹಿಡಿಯಿರಿ. ಆಗಲೂ ನಾರಿದರೆ ಒಲೆಗೆ ಒಯ್ಯಬೇಡಿ.

ಬೇಯಿಸುವುದು ಎರಡು ಹಂತ. ಮೊದಲು ತೆರೆದ ಪಾತ್ರೆಯಲ್ಲಿ ಅರಿಶಿನ, ಉಪ್ಪು, ಜಜ್ಜಿದ ಶುಂಠಿ ಹಾಕಿ ಹತ್ತು ನಿಮಿಷ ಕುದಿಸಿ ಆ ನೀರು ಚೆಲ್ಲಿ. ಆಮೇಲೆ ಕುಕ್ಕರಿನಲ್ಲಿ ಹೊಸ ನೀರು, ಏಳೆಂಟು ಸೀಟಿ. ಮುದಿ ಕುರಿಯದಾದರೆ ಇನ್ನೂ ನಾಲ್ಕು. ಉಗುರಿನಿಂದ ಚಿವುಟಿದರೆ ತುಂಡಾಗಬೇಕು, ಆ ಮೇಲೆಯೇ ಮಸಾಲಿ. ಕುದಿದ ಬೋಟಿ ಸುಮಾರು ಅರ್ಧಕ್ಕೆ ಕುಗ್ಗುತ್ತದೆ, ನಾಲ್ಕು ಜನಕ್ಕೆ ಅಂತ ಲೆಕ್ಕ ಹಾಕಿ ಅರ್ಧ ಕಿಲೋ ತಂದವರು ರೊಟ್ಟಿಯ ಜೊತೆ ರಸವನ್ನೇ ಉಣ್ಣಬೇಕಾಗುತ್ತದೆ. ಹೊಸಬರಿಗೆ ಬಡಿಸುವುದಿದ್ದರೆ ಹೆಬ್ಬೆರಳಿನ ಉಗುರಿನಷ್ಟು ಸಣ್ಣಗೆ ಹೆಚ್ಚಿ, ನೆನೆಸಿದ ಕಡಲೆಬೇಳೆಯನ್ನೋ ಪುಂಡಿಪಲ್ಯವನ್ನೋ ಕೂಡಿಸಿ. ಪುಂಡಿಯ ಹುಳಿ ಕೊಬ್ಬನ್ನು ಕಡಿಯುತ್ತದೆ, ಕಣ್ಣಿಗೂ ಮರೆಯಾಗುತ್ತದೆ.

ಕಲೇಜಿಯ ತೊಂದರೆ ಇದಕ್ಕೆ ತದ್ವಿರುದ್ಧ. ಬೋಟಿಯನ್ನು ಅವಸರದಲ್ಲಿ ಇಳಿಸಿ ಕೆಡಿಸುತ್ತಾರೆ, ಕಲೇಜಿಯನ್ನು ಭಯದಲ್ಲಿ ಕುದಿಸಿ ಕುದಿಸಿ ಕೆಡಿಸುತ್ತಾರೆ. ಮಟನ್ ಜೊತೆಗೆ ಕುಕ್ಕರಿಗೆ ಹಾಕಿ ಐದು ಸೀಟಿ ಹೊಡೆಸಿದ ಕಲೇಜಿ ಸೀಮೆಸುಣ್ಣದ ಹಾಗೆ ಪುಡಿಪುಡಿ, ಮೇಲೆ ಕಬ್ಬಿಣದ ಒಗರು. ಮಕ್ಕಳು ಉಗಿದರೆ ತಪ್ಪು ಅವರದಲ್ಲ. ತರುವಾಗ ಹೊಳೆಯುವ ಕಂದುಗೆಂಪು ಇರಬೇಕು. ಹಸಿರು ಪಿತ್ತದ ಚೀಲ ಅಂಟಿಕೊಂಡಿದ್ದರೆ ಕಟುಕರಿಂದಲೇ ತೆಗೆಸಿ. ಅದು ಒಡೆದರೆ ತಾಗಿದ ಜಾಗವನ್ನು ಕೊಯ್ದು ಎಸೆಯಬೇಕು, ತೊಳೆದರೆ ಕಹಿ ಹೋಗುವುದಿಲ್ಲ. ಮೇಲಿನ ತೆಳು ಸಿಪ್ಪೆ ಸುಲಿದು, ಬಿಳಿ ನಾಳ ತೆಗೆದು, ಎರಡು ಸೆಂಟಿಮೀಟರ್ ತುಂಡು ಮಾಡಿ ಇಪ್ಪತ್ತು ನಿಮಿಷ ಮಜ್ಜಿಗೆಯಲ್ಲಿ ನೆನೆಸಿ. ಒಲೆಗೆ ಹಾಕುವ ಮೊದಲು ಬಸಿದು ಒರೆಸಬೇಕು, ಇಲ್ಲದಿದ್ದರೆ ಹುರಿಯುವ ಬದಲು ನೀರು ಬಿಟ್ಟು ಬೇಯುತ್ತದೆ. ಕಬ್ಬಿಣದ ಹಂಚು ಚೆನ್ನಾಗಿ ಕಾಯಲಿ, ಕಾಲು ಕಿಲೋಗೆ ಎರಡು ಚಮಚ ಎಣ್ಣೆ, ಬೆಳ್ಳುಳ್ಳಿ, ಮಸಾಲಿ ಖಾರ, ಮೆಣಸಿನ ಪುಡಿ. ಐದಾರು ನಿಮಿಷ ಸಾಕು. ದಪ್ಪ ತುಂಡೊಂದನ್ನು ಮುರಿದರೆ ಒಳಗೆ ಕೆಂಪು ರಸ ಬರಬಾರದು, ಒಣಗಿಯೂ ಇರಬಾರದು. ಉಪ್ಪು ಕಡೆಗೆ; ಮೊದಲೇ ಹಾಕಿದರೆ ನೀರು ಎಳೆಯುತ್ತದೆ. ಕೆಂಡದ ಮೇಲೆ ಸುಟ್ಟ ತುಂಡನ್ನು ಉಪ್ಪು-ಖಾರ ಹಚ್ಚಿ ಮಕ್ಕಳ ಕೈಗೆ ಕೊಡುವ ಪದ್ಧತಿ ಸುಮ್ಮನೆ ಬಂದದ್ದಲ್ಲ: ಬೇಗ ಬೇಯುತ್ತದೆ, ಹೊಗೆ ಒಗರನ್ನು ಮುಚ್ಚುತ್ತದೆ.

ಗುರ್ದಾ (ಮೂತ್ರಪಿಂಡ) ಉದ್ದಕ್ಕೆ ಸೀಳಿ ನಡುವಿನ ಬಿಳಿ ಗಂಟನ್ನು ಪೂರ್ತಿ ಕತ್ತರಿಸಿ. ಮೂತ್ರದ ವಾಸನೆ ಅಲ್ಲಿಯದೇ. ಭೇಜಾ, ಅಂದರೆ ಮಿದುಳನ್ನು ತಣ್ಣನೆಯ ಉಪ್ಪುನೀರಿನಲ್ಲಿ ಅರ್ಧ ತಾಸು ಇಟ್ಟು ರಕ್ತದ ಎಳೆ ಬಿಡಿಸಿ, ಅರಿಶಿನದ ನೀರಿನಲ್ಲಿ ಮೆಲ್ಲಗೆ ಕುದಿಸಿ ಗಟ್ಟಿಯಾದ ಮೇಲೆಯೇ ಹೆಚ್ಚಬೇಕು. (ಒಂದು ನೂರು ಗ್ರಾಂನಲ್ಲಿ 1,000 ಮಿಲಿಗ್ರಾಂಗೂ ಮೀರಿ ಕೊಲೆಸ್ಟ್ರಾಲ್ ಇರುತ್ತದೆ, ಇದು ವಾರವಾರದ ಪಲ್ಯವಲ್ಲ.) ಪುಪ್ಪುಸದೊಳಗೆ ಗಾಳಿ ಇರುವುದರಿಂದ ನೀರಿನಲ್ಲಿ ತೇಲುತ್ತದೆ, ಕುದಿಯುವಾಗ ನೊರೆ ಉಕ್ಕುತ್ತದೆ. ಹಾಗೇ ಕುಕ್ಕರಿಗೆ ಹಾಕಿದರೆ ನೊರೆ ಸೀಟಿಯ ತೂತಿಗೆ ಹೋಗಿ ಕಟ್ಟಿಕೊಳ್ಳುವ ಅಪಾಯ. ತೆರೆದ ಬೋಗುಣಿಯಲ್ಲಿ ಕುದಿಸಿ ನೊರೆ ತೆಗೆಯಿರಿ. ತಲೆ-ಕಾಲನ್ನು ಅಂಗಡಿಯಲ್ಲೇ ಸುಡಿಸಿ ತಂದರೂ ಮನೆಯಲ್ಲಿ ಕಿವಿಯ ಒಳಗೆ, ಗೊರಸಿನ ಸಂದಿಯಲ್ಲಿ ಮತ್ತೆ ಕೆರೆಯಬೇಕು; ಪಾಯಾ ಸುಟ್ಟ ಕೂದಲಿನ ವಾಸನೆ ಹೊಡೆದರೆ ಕಾರಣ ಆ ಸಂದಿ.

ಒಂದು ವಿಷಯದಲ್ಲಿ ಹೇಸಿಗೆ ಒಳ್ಳೆಯದೇ. ಕಲೇಜಿ ಅಥವಾ ಪುಪ್ಪುಸದಲ್ಲಿ ನೀರು ತುಂಬಿದ ಬಿಳಿ ಗುಳ್ಳೆ ಕಂಡರೆ, ನಾಳದಲ್ಲಿ ಎಲೆಯಂಥ ಚಪ್ಪಟೆ ಹುಳ ಕಂಡರೆ ತಿನ್ನಬೇಡಿ. ಬೀದಿ ನಾಯಿಗೂ ಎಸೆಯಬೇಡಿ. ಆ ಗುಳ್ಳೆಯೊಳಗೆ ಇರುವುದು ನಾಯಿಯ ಕರುಳಿನಲ್ಲಿ ಬೆಳೆಯುವ ಲಾಡಿಹುಳದ ಮರಿಗಳು. ಹಸಿಯಾಗಿ ತಿಂದ ನಾಯಿಯ ಮಲದಲ್ಲಿ ಮೊಟ್ಟೆ ಬರುತ್ತವೆ, ಅವು ಹುಲ್ಲಿಗೆ, ಸೊಪ್ಪಿಗೆ, ಮಕ್ಕಳ ಕೈಗೆ ಹತ್ತುತ್ತವೆ, ಮತ್ತೆ ಕುರಿಗೆ, ಮನುಷ್ಯನಿಗೆ. ಕಂದೂರಿಯಲ್ಲೋ ಜಾತ್ರೆಯಲ್ಲೋ ಕುರಿ ಕೊಯ್ದ ಕಡೆ ನಾಯಿಗಳಿಗೆ "ಅವಕ್ಕೂ ಹಬ್ಬ ಆಗ್ಲಿ" ಅಂತ ಎಸೆಯುವ ಉದಾರತನ ಬಿಡಬೇಕಾದ ಉದಾರತನ. ಆಳವಾದ ಗುಂಡಿ ತೋಡಿ ಹುಗಿಯಿರಿ ಅಥವಾ ಸುಡಿ.

ಇನ್ನು ನಡವಳಿಕೆಯ ಮಾತು. ನಮ್ಮ ಕಡೆ ಉಪಚಾರ ಅಂದರೆ ಒತ್ತಾಯ. "ಇನ್ನೊಂದ ರೊಟ್ಟಿ" ಅನ್ನದಿದ್ದರೆ ಉಣಿಸಿದ ಹಾಗೇ ಅಲ್ಲ. ಅಳಿಯ ಬಂದರೆ ಕಲೇಜಿ ಅವನ ತಾಟಿಗೆ, ಹಿರಿಯರಿಗೆ ಮಜ್ಜೆ ತುಂಬಿದ ನಳಿ ಎಲುಬು. ಈ ಒತ್ತಾಯ ಬೋಟಿಯ ಹತ್ತಿರ ನಿಲ್ಲಬೇಕು. ಬಡಿಸುವ ಮೊದಲು "ಬೋಟಿ ಐತ್ರಿ, ನಡೀತದ?" ಅಂತ ಹೆಸರು ಹೇಳಿ ಕೇಳುವುದು ಈಗಿನ ಸಭ್ಯತೆ. "ಮೊದಲ ತಿನ್ನು, ಆಮ್ಯಾಲ ಹೇಳ್ತೀನಿ" ಅಂತ ಮೋಸದಿಂದ ತಿನ್ನಿಸಿ ನಗುವುದು ಕೆಟ್ಟ ಚಾಳಿ. ಹಾಗೆ ತಿಂದವನು ಬೋಟಿಯನ್ನಷ್ಟೇ ಅಲ್ಲ, ನಿಮ್ಮ ಮನೆಯ ಖೀಮಾವನ್ನೂ ಮತ್ತೆ ನಂಬುವುದಿಲ್ಲ.

ಉಣ್ಣುವವರ ಕಡೆಯಿಂದಲೂ ಒಂದು ಬದಲಾಗಬೇಕು. "ಛೀ, ಅದನ್ನೆಲ್ಲಾ ತಿಂತೀರೇನು" ಅನ್ನುವ ಮಾತಿನಲ್ಲಿ ಬರೀ ರುಚಿ ಇರುವುದಿಲ್ಲ. ಒಳ್ಳೆಯ ಮಾಂಸ ಕೊಳ್ಳುವವರ ಪಾಲು, ಕರುಳು-ತಲೆ ಕೊಯ್ದವರ ಪಾಲು ಅಂತ ಊರು ಹಂಚಿದ ಕಾಲದ ಜಾತಿಯ ವಾಸನೆ ಅದರಲ್ಲಿ ಇನ್ನೂ ಉಳಿದಿದೆ, ಅದನ್ನು ತೆಗೆಯಲು ಸುಣ್ಣವೂ ಸಾಲದು. "ನನಗ ರೂಢಿ ಇಲ್ಲರೀ ವೈನಿ, ಒಂದೀಟ ರೊಟ್ಟಿ-ಚಟ್ನಿ ಸಾಕು" ಅಂದರೆ ಯಾರ ಮನಸ್ಸೂ ಮುರಿಯುವುದಿಲ್ಲ. ಛೀ ಅನ್ನುವವರು ಕ್ಯಾಪ್ಸೂಲಿನ ಹೊರಕವಚದ ಜೆಲಾಟಿನ್ ಪ್ರಾಣಿಯ ಚರ್ಮ-ಎಲುಬಿನದು ಅನ್ನುವುದನ್ನೂ, ಹಳೆ ಪದ್ಧತಿಯ ಸಾಸೇಜಿನ ಮೇಲಿನ ಸಿಪ್ಪೆ ತೊಳೆದ ಕರುಳೇ ಅನ್ನುವುದನ್ನೂ ಒಮ್ಮೆ ನೆನೆದರೆ ಆಯಿತು.

ಒತ್ತಾಯ ಮಾಡಲೇಬಾರದ ಮತ್ತೊಬ್ಬರು ಬಸುರಿಯರು. "ರಕ್ತ ಆಗ್ತದ, ಒಂದ ತುಂಡ ತಿನ್ನವ್ವಾ" ಅಂತ ಅತ್ತೆ, ದೊಡ್ಡವ್ವ ಎಲ್ಲರೂ ಕಲೇಜಿ ನೂಕುತ್ತಾರೆ. ಕಬ್ಬಿಣ, ಬಿ12 ಅದರಲ್ಲಿ ಧಾರಾಳ ಇರುವುದು ನಿಜ. ಆದರೆ ನೂರು ಗ್ರಾಂ ಕುರಿ ಕಲೇಜಿಯಲ್ಲಿ ವಿಟಮಿನ್ ಎ ಸುಮಾರು 7,000 ಮೈಕ್ರೋಗ್ರಾಂ, ಬಸುರಿಗೆ ದಿನಕ್ಕೆ 3,000ದ ಮೇಲೆ ಹೋಗಬಾರದು ಅನ್ನುತ್ತಾರೆ. ಹೆಚ್ಚಾದರೆ ಹೊಟ್ಟೆಯೊಳಗಿನ ಕೂಸಿಗೆ ತೊಂದರೆ. ರಕ್ತ ಕಡಿಮೆ ಇದ್ದರೆ ವೈದ್ಯರು ಕೊಟ್ಟ ಮಾತ್ರೆ ಸಾಕು. ಬೆರಳು ಬಾತು ಯೂರಿಕ್ ಆಸಿಡ್ ಏರಿದವರ ತಾಟಿಗೂ ಗುರ್ದಾ-ಕಲೇಜಿ ಬೇಡ.

ನೆರೆಯವರ ವಿಚಾರವೂ ಇದೆ. ಭಾಡಿಗೆ ಮನೆಯ ಮಾಲಕರು ಮಾಂಸ ತಿನ್ನದವರಾದರೆ ಬೋಟಿಯ ಮೊದಲ ಕುದಿಯ ನೀರನ್ನು ಅಂಗಳದ ಮೋರಿಗೆ ಸುರಿಯಬೇಡಿ. ಕೊಬ್ಬು ತಣ್ಣಗಾಗಿ ಕಟ್ಟುತ್ತದೆ, ಮೂರು ದಿನ ನಾರುತ್ತದೆ, ಜಗಳ ಶುರುವಾಗುವುದು ಅಲ್ಲಿಂದಲೇ. ತಣಿಸಿ, ಮೇಲಿನ ಕೊಬ್ಬು ತೆಗೆದು, ಬಚ್ಚಲಿಗೆ ಬಿಸಿನೀರಿನೊಂದಿಗೆ ಬಿಡಿ. ಅಂಗಡಿಗೆ ಸ್ಟೀಲ್ ಡಬ್ಬಿ ಒಯ್ದರೆ ರಕ್ತ ಸೋರುವ ಕ್ಯಾರಿಬ್ಯಾಗ್ ಹಿಡಿದು ಓಣಿ ತುಂಬ ತಿರುಗುವ ಕೆಲಸವೂ ತಪ್ಪುತ್ತದೆ. ಬ್ಯಾಸಗಿಯಲ್ಲಿ ಬೆಳಗ್ಗೆ ಎಂಟರೊಳಗೆ ತರಬೇಕು: ಒಳಗಿನ ಮಾಂಸ ಮಾಂಸಖಂಡಕ್ಕಿಂತ ಬೇಗ ಕೆಡುತ್ತದೆ, ಫ್ರಿಜ್ಜಿನಲ್ಲೂ ಒಂದು ದಿನದ ಮೇಲೆ ಇಡಬಾರದು.

ನಳಿ ಚೀಪುವ ಸದ್ದಿಗೆ ಮಾತ್ರ ಯಾರೂ ನಾಚಬೇಕಾಗಿಲ್ಲ. ಸದ್ದು ಬೇಡ ಅನ್ನುವವರು ಕೊಯ್ಯಿಸುವಾಗಲೇ "ನಳಿ ಎರಡೂ ಕಡೆ ಕಡೀರಿ" ಅಂದುಬಿಡಿ. ಒಂದೇ ತುದಿ ತೆರೆದ ಎಲುಬಿನಲ್ಲಿ ಹಿಂದಿನಿಂದ ಗಾಳಿ ಒಳಗೆ ಹೋಗದೆ ಮಜ್ಜೆ ಬರುವುದಿಲ್ಲ, ಅದಕ್ಕೇ ಅಷ್ಟು ಜೋರಾಗಿ ಎಳೆಯಬೇಕಾಗುತ್ತದೆ. ಎರಡೂ ಕಡೆ ತೆರೆದಿದ್ದರೆ ಚಮಚದ ಹಿಡಿಯಿಂದ ಒಂದು ತಳ್ಳು, ಮಜ್ಜೆ ಬಿಸಿ ರೊಟ್ಟಿಯ ಮೇಲೆ.