ಮಿಯೆಷ್ಕೋ ನಾಣ್ಯ ಓದೋಕೆ ಮೂರು ವಾರ

ಪೋಲೆಂಡಿನ ರಾಷ್ಟ್ರೀಯ ಬ್ಯಾಂಕು ಹಳೆಯ ನಾಣ್ಯಗಳ ನೆನಪಿಗೆ 'ಪೋಲಿಷ್ ನಾಣ್ಯದ ಇತಿಹಾಸ' ಅಂತ ಹೊಸ ಬೆಳ್ಳಿ ನಾಣ್ಯಗಳ ಸರಣಿ ಹೊರತಂದಿದೆ. ಅದರಲ್ಲಿ ಎರಡು ಈಗ ನನ್ನ ಬಳಿ ಇವೆ. ನಾನೇ ಹಾಕಿಕೊಂಡ ಷರತ್ತು ಒಂದೇ: ಹಳೆಯ ಮೂಲ ನಾಣ್ಯದ ಬರಹವನ್ನು ಓದಲು ಬರುವವರೆಗೆ ಮುಂದಿನದನ್ನು ಕೊಳ್ಳುವಂತಿಲ್ಲ.

ಮೊದಲನೆಯದು ಪೋಲೆಂಡಿನ ದೊರೆ ಬೊಲೆಸ್ಲಾವ್ ಖ್ರೋಬ್ರಿಯ ದೆನಾರ್ ಅನ್ನೋ ಬೆಳ್ಳಿ ನಾಣ್ಯ. ಮೂಲ ನಾಣ್ಯ ಸುಮಾರು 1000ನೇ ಇಸವಿಯದು. ನಡುವೆ ಹಕ್ಕಿ, ಸುತ್ತ 'ಪ್ರಿನ್ಸೆಸ್ ಪೊಲೋನಿಯೆ', ಅಂದ್ರೆ ಪೋಲೆಂಡಿನ ದೊರೆ. ಲ್ಯಾಟಿನ್ ಅಕ್ಷರ, ಅರ್ಧ ಗಂಟೆಯಲ್ಲಿ ಮುಗಿಯಿತು. ಹಕ್ಕಿ ಹದ್ದೋ ನವಿಲೋ ಅನ್ನೋದು ಮಾತ್ರ ತಿಳಿದವರಲ್ಲೇ ಇತ್ಯರ್ಥವಾಗಿಲ್ಲ. ನನ್ನ ಕಣ್ಣಿಗೆ ಅದು ಕೋಳಿ.

ಸಿಕ್ಕಿಬಿದ್ದದ್ದು ಎರಡನೆಯದರಲ್ಲಿ, ಹನ್ನೆರಡನೇ ಶತಮಾನದ ಪೋಲಿಷ್ ದೊರೆ ಮೂರನೇ ಮಿಯೆಷ್ಕೋನ ಬ್ರಾಕ್ಟಿಯೇಟ್ ಅನ್ನೋ ನಾಣ್ಯದಲ್ಲಿ. ಮೂಲ ಬ್ರಾಕ್ಟಿಯೇಟ್ ಕಾಗದದಷ್ಟು ತೆಳು. ತಗಡನ್ನು ಮೆತ್ತನೆಯದರ ಮೇಲಿಟ್ಟು ಒಂದೇ ಕಡೆ ಅಚ್ಚು ಒತ್ತುತ್ತಿದ್ದರು. ಹಿಂದೆ ಅದೇ ಚಿತ್ರ ಗುಳಿಯಾಗಿ ಕಾಣುತ್ತದೆ. ಮಿಯೆಷ್ಕೋನ ಟಂಕಸಾಲೆಯಲ್ಲಿ ಯಹೂದಿಗಳು ದುಡಿಯುತ್ತಿದ್ದರು, ಹಾಗಾಗಿ ಕೆಲವು ನಾಣ್ಯಗಳ ಬರಹ ಹೀಬ್ರೂ ಲಿಪಿಯಲ್ಲಿದೆ. ಬಲದಿಂದ ಎಡಕ್ಕೆ ಓದಬೇಕು. ಸ್ವರವೂ ಇಲ್ಲ, ಕಾಗುಣಿತ ತೆಗೆದುಹಾಕಿದ ಕನ್ನಡದ ಹಾಗೆ. ಮ-ಶ-ಕ, ಆಮೇಲೆ ಅಲೆಫ್ ಅನ್ನೋ ಹೀಬ್ರೂ ಅಕ್ಷರ: ಮಿಯೆಷ್ಕೋ. ಸರಿ. ಮುಂದೆ ಕ-ರ-ಲ. ಇದು ಯಾವ ಹೀಬ್ರೂ ಪದ ಅಂತ ನಿಘಂಟಿನಲ್ಲಿ ಎರಡು ವಾರ ಹುಡುಕಿದೆ. ಸಿಗಲಿಲ್ಲ, ಸಿಗುವುದೂ ಇಲ್ಲ. ಅದು 'ಕ್ರುಲ್', ಪೋಲಿಷ್‌ನಲ್ಲಿ ರಾಜ! ಲಿಪಿ ಹೀಬ್ರೂ, ಮಾತು ಪೋಲಿಷ್. ಪೋಲೆಂಡಿನ ಕ್ರಾಕೋವ್ ನಗರದಲ್ಲಿದ್ದುಕೊಂಡು ಆಫೀಸ್ ಚಾಟಿನಲ್ಲಿ ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟುವ ನನಗೆ ಇದು ಮೊದಲೇ ಹೊಳೆಯಬೇಕಿತ್ತು, ಅಲ್ವಾ?

ಮಜಾ ಅಂದ್ರೆ ಮಿಯೆಷ್ಕೋಗೆ ಪಟ್ಟಾಭಿಷೇಕವೇ ಆಗಿರಲಿಲ್ಲ, ಅವನು ಬರೀ ಡ್ಯೂಕ್. ಹಳೆಯ ನಾಣ್ಯ ವಾಪಸ್ ತಗೊಂಡು ಹೊಸದನ್ನು ಕಡಿಮೆ ಕೊಡುವುದು ಆ ಕಾಲದ ದೊರೆಗಳ ಆದಾಯದ ದಾರಿ. ಇಂಥ ವಸೂಲಿಗೆ ಬೇಸತ್ತವರು 1177ರಲ್ಲಿ ಅವನನ್ನು ಕ್ರಾಕೋವ್‌ನಿಂದಲೇ ಓಡಿಸಿದರು.

ಒಂದು ಎಡವಟ್ಟು. ಅಕ್ಷರ ಹತ್ತಿರದಿಂದ ನೋಡಲು ಹೋಗಿ ಖ್ರೋಬ್ರಿ ನಾಣ್ಯವನ್ನು ಡಬ್ಬಿಯಿಂದ ತೆಗೆದೆ. ಕನ್ನಡಿಯಂಥ ಮೈ ಮೇಲೆ ಹೆಬ್ಬೆಟ್ಟು! ಫೋನಿನಲ್ಲಿ ಅಮ್ಮ, "ವಿಭೂತಿ ಹಾಕಿ ಉಜ್ಜೋ" ಅಂದರು. ದೀಪಕ್ಕೆ ಸರಿ, ಇದಕ್ಕೆ ಬೇಡ. ಗೀರು ಬೀಳುವುದಕ್ಕಿಂತ ಗುರುತೇ ವಾಸಿ.

ಮುಂದಿನದು ರಾಜ ಮಹಾ ಕಾಜಿಮಿಯೆಷನ ಕ್ರಾಕೋವ್ ಗ್ರೋಷ್ ಅನ್ನೋ ಬೆಳ್ಳಿ ನಾಣ್ಯ. ಮತ್ತೆ ಲ್ಯಾಟಿನ್, ಓದು ಸುಲಭ. ಆದರೆ ಈ ತಿಂಗಳ ದುಡ್ಡು ಆಗಲೇ ಖಾಲಿ.